ಮುಂದಿನ ಗಾಡಿಗೂ ನಿಮಗೂ ನಡುವೆ ಎಷ್ಟು ಜಾಗ ಇದೆ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ನುಗ್ಗಿಸಿ ಓಡಿಸುವುದು, ಕಟ್ ಹೊಡೆಯುವುದು, ಹಿಂದೆಯೇ ಅಂಟಿಕೊಂಡು ಹಾರ್ನ್ ಒತ್ತುವುದು, ಸಿಗ್ನಲ್ ಹಾರುವುದು. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇವುಗಳ ಬಗ್ಗೆಯೇ ಇದ್ದವು. ಚಾಲನಾ ತರಬೇತಿ ಮತ್ತು ಸಂಚಾರ ಎಂಜಿನಿಯರಿಂಗ್ ಎರಡನ್ನೂ ಬಲ್ಲವರು ಸೇರಿ ಇಲ್ಲಿ ಉತ್ತರ ಕೊಟ್ಟಿದ್ದಾರೆ.

ನಾ ದಿನಾ ವಿದ್ಯಾನಗರದಿಂದ ಧಾರವಾಡಕ್ಕ ಕಾರಿನ್ಯಾಗ ಹೋಗಿ ಬರ್ತೀನ್ರಿ. ಸಾವಕಾಶ ಹೋದ್ರ ಆಫೀಸಿಗೆ ತಡಾ ಆಗ್ತದ ಅಂತ ಸಂದಿ ಸಿಕ್ಕಲ್ಲಿ ನುಗ್ಗಿಸ್ತೀನಿ. ಖರೇನ ಎಷ್ಟು ಟೈಮ್ ಉಳೀತದ್ರಿ?
– ಬ್ಯಾಂಕ್ ನೌಕರರು, ಹುಬ್ಬಳ್ಳಿ

ಲೆಕ್ಕ ಹಾಕಿಯೇ ನೋಡೋಣ. ತುಂಬಿದ ರಸ್ತೆಯಲ್ಲಿ ಒಂದು ಲೇನ್‌ನಲ್ಲಿ ಗಾಡಿಗಳು ಸುಮಾರು 2 ಸೆಕೆಂಡಿಗೆ ಒಂದರಂತೆ ಸಾಗುತ್ತವೆ. ಹಾಗಾಗಿ ಒಂದು ಕಾರನ್ನು ಹಿಂದಿಕ್ಕಿದರೆ ನಿಮಗೆ ದಕ್ಕುವುದು 2 ಸೆಕೆಂಡ್, ಹತ್ತು ಕಾರು ಹಿಂದಿಕ್ಕಿದರೆ 20 ಸೆಕೆಂಡ್. ಅಷ್ಟರಲ್ಲಿ ಮುಂದೆ ಕೆಂಪು ದೀಪ ಬಿದ್ದರೆ ಆ ಹತ್ತೂ ಕಾರುಗಳು ಬಂದು ನಿಮ್ಮ ಹಿಂದೆಯೇ ನಿಲ್ಲುತ್ತವೆ. 120 ಸೆಕೆಂಡಿನ ಸಿಗ್ನಲ್ ಸುತ್ತಿನಲ್ಲಿ 80 ಸೆಕೆಂಡ್ ಕೆಂಪು ಇದ್ದರೆ, ಯಾವ ಹೊತ್ತಿಗೆ ಬಂದು ತಲುಪಿದರೂ ಸರಾಸರಿ ಕಾಯುವಿಕೆ 27 ಸೆಕೆಂಡಿನಷ್ಟಾಗುತ್ತದೆ. ಹತ್ತು ಕಟ್ ಹೊಡೆದು ಗಳಿಸಿದ್ದು ಒಂದೇ ಸಿಗ್ನಲ್‌ನಲ್ಲಿ ಕರಗಿಹೋಗುತ್ತದೆ.

ರಾಯಾಪುರ ದಾಟಿದ ಮೇಲೆ ದಾರಿ ಸ್ವಲ್ಪ ತೆರವಾಗಿದೆ ಎಂದುಕೊಳ್ಳಿ. 5 ಕಿ.ಮೀ. ದಾರಿಯನ್ನು ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋದರೆ 5 ನಿಮಿಷ, 75ರಲ್ಲಿ ಹೋದರೆ 4 ನಿಮಿಷ. ಉಳಿದದ್ದು 1 ನಿಮಿಷ. ಅದಕ್ಕೆ ಕೊಡುವ ಬೆಲೆ ಇದು: ಚಾಲಕ ಅಪಾಯ ಕಂಡು ಬ್ರೇಕ್ ಒತ್ತುವ ಹೊತ್ತಿಗೆ ಸುಮಾರು ಒಂದೂವರೆ ಸೆಕೆಂಡ್ ಕಳೆದಿರುತ್ತದೆ. ಒಣ ಡಾಂಬರಿನ ಮೇಲೆ, ಒಳ್ಳೆಯ ಟೈರಿನಲ್ಲಿ, ಗಟ್ಟಿಯಾಗಿ ಬ್ರೇಕ್ ಹಾಕಿದರೂ 60ರ ವೇಗದಲ್ಲಿರುವ ಕಾರು ಪೂರ್ತಿ ನಿಲ್ಲಲು ಸುಮಾರು 45 ಮೀಟರ್ ಬೇಕು. 75ರಲ್ಲಿ 62 ಮೀಟರ್ ಬೇಕು. ಹೆಚ್ಚಾದ 17 ಮೀಟರ್ ಒಂದು ದೊಡ್ಡ ಬಸ್ಸಿನ ಉದ್ದಕ್ಕಿಂತಲೂ ಜಾಸ್ತಿ. ಡಿಕ್ಕಿಯಾದರೆ ಹೊಡೆತದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ವೇಗ ಶೇ. 25 ಏರಿದರೆ ಹೊಡೆತ ಶೇ. 56 ಏರುತ್ತದೆ.

ಇನ್ನೂ ಒಂದು ಲೆಕ್ಕವನ್ನು ಪ್ರತಿಯೊಬ್ಬ ಚಾಲಕರೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಎರಡು ಕಾರು ಅಕ್ಕಪಕ್ಕ ಹೋಗುತ್ತಿವೆ, ಒಂದು 50ರಲ್ಲಿ, ಇನ್ನೊಂದು 60ರಲ್ಲಿ. ಒಂದು ಮಗು ರಸ್ತೆಗೆ ಓಡಿ ಬಂತು, ಇಬ್ಬರೂ ಒಂದೇ ಕ್ಷಣಕ್ಕೆ ನೋಡಿ ಒಂದೇ ರೀತಿ ಬ್ರೇಕ್ ಒತ್ತಿದರು. 50ರ ಕಾರು ಮಗುವಿನ ಮುಂದೆ ಬಂದು ಸರಿಯಾಗಿ ನಿಂತಿತು. ಅದೇ ಜಾಗಕ್ಕೆ ಬಂದಾಗ 60ರ ಕಾರು ಇನ್ನೂ ಗಂಟೆಗೆ 43 ಕಿ.ಮೀ. ವೇಗದಲ್ಲಿ ಇರುತ್ತದೆ. ಹತ್ತೇ ಕಿ.ಮೀ. ಹೆಚ್ಚು ಎಂದು ನಾವು ಹಗುರವಾಗಿ ಎಣಿಸುವ ವೇಗದ ಪರಿಣಾಮ ಇಷ್ಟು ಭಾರ. ಸರಾಸರಿ ವೇಗ ಶೇ. 1 ಹೆಚ್ಚಿದರೆ ಸಾವಿನ ಅಪಘಾತದ ಅಪಾಯ ಶೇ. 4ರಷ್ಟು ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದೇಶದಲ್ಲಿ 2022ರಲ್ಲಿ 1,68,491 ಜನ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ ಅದರಲ್ಲಿ ಶೇ. 70ಕ್ಕಿಂತ ಹೆಚ್ಚು ಸಾವಿಗೆ ಅತಿವೇಗವೇ ಕಾರಣ.

ಮನೆಯನ್ನು ಹತ್ತು ನಿಮಿಷ ಮೊದಲು ಬಿಡಿ. ಇಡೀ ದಾರಿ ನುಗ್ಗಿಸಿದರೂ ಅಷ್ಟು ಸಮಯ ನಿಮಗೆ ಉಳಿಯುವುದಿಲ್ಲ.

ಉಣಕಲ್ ಹತ್ತಿರ ಕೆಲವೊಮ್ಮೆ ಗಾಡಿಗಳೆಲ್ಲ ಒಮ್ಮೆಲೇ ನಿಂತುಬಿಡುತ್ತವೆ. ಮುಂದೆ ಹೋಗಿ ನೋಡಿದರೆ ಅಪಘಾತವಿಲ್ಲ, ಗುಂಡಿಯಿಲ್ಲ, ಕೆಲಸವೂ ನಡೆದಿಲ್ಲ. ಹಾಗಾದರೆ ಜಾಮ್ ಆದದ್ದು ಯಾಕೆ?
– ಕಾಲೇಜು ಉಪನ್ಯಾಸಕಿ, ನವನಗರ

ಕಾರಣ ಇದ್ದೇ ಇರುತ್ತದೆ, ಆದರೆ ನೀವು ಅಲ್ಲಿಗೆ ಬರುವ ಹೊತ್ತಿಗೆ ಅದು ಜಾಗ ಖಾಲಿ ಮಾಡಿ ಹೋಗಿರುತ್ತದೆ.

ಸಾಲಿನಲ್ಲಿ ಗಾಡಿಗಳು 40ರ ವೇಗದಲ್ಲಿ, ನಡುವೆ ಹತ್ತು ಮೀಟರ್ ಅಂತರದಲ್ಲಿ ಸಾಗುತ್ತಿವೆ. ಆ ವೇಗದಲ್ಲಿ ಹತ್ತು ಮೀಟರ್ ಎಂದರೆ ಒಂದು ಸೆಕೆಂಡೂ ಅಲ್ಲ. ಒಬ್ಬ ಪಕ್ಕದ ಲೇನ್‌ನಿಂದ ಆ ಜಾಗಕ್ಕೆ ಕಟ್ ಹೊಡೆದು ನುಗ್ಗಿದ. ಹಿಂದಿನವರು ಬೆಚ್ಚಿ 30ಕ್ಕೆ ಇಳಿದರು. ಅವರ ಹಿಂದಿನವರಿಗೆ ಅದು ಕಂಡದ್ದು ತಡವಾಗಿ, ಆದ್ದರಿಂದ ಅವರು ಇನ್ನೂ ಜೋರಾಗಿ ಬ್ರೇಕ್ ಹಾಕಿ 22ಕ್ಕೆ ಇಳಿದರು. ಅವರ ಹಿಂದಿನವರು 12ಕ್ಕೆ, ಮತ್ತೆ ಅವರ ಹಿಂದಿನವರು ಪೂರ್ತಿ ನಿಂತರು. ಪ್ರತಿಯೊಬ್ಬರೂ ಮುಂದಿನವರಿಗಿಂತ ಸ್ವಲ್ಪ ಹೆಚ್ಚು ಬ್ರೇಕ್ ಹಾಕುತ್ತ ಹೋದಂತೆ ನಿಲುಗಡೆಯ ಒಂದು ಅಲೆ ಹಿಂದಕ್ಕೆ ಸಾಗುತ್ತದೆ.

2008ರಲ್ಲಿ ಜಪಾನಿನ ಸಂಶೋಧಕರು ಇದನ್ನು ಪ್ರಯೋಗ ಮಾಡಿಯೇ ತೋರಿಸಿದರು. 230 ಮೀಟರ್ ಸುತ್ತಳತೆಯ ದುಂಡನೆಯ ದಾರಿಯಲ್ಲಿ 22 ಕಾರುಗಳನ್ನು ಗಂಟೆಗೆ 30 ಕಿ.ಮೀ. ವೇಗದಲ್ಲಿ ಓಡಿಸಲು ಹೇಳಿದರು. ಅಲ್ಲಿ ಸಿಗ್ನಲ್ ಇಲ್ಲ, ಅಡ್ಡರಸ್ತೆ ಇಲ್ಲ, ಅಡ್ಡ ಬರುವ ದನಕರು ಇಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲೇ ಒಂದು ಕಡೆ ಕಾರುಗಳು ನಿಂತು ಹೊರಡುವ ಜಾಮ್ ಹುಟ್ಟಿತು, ಮತ್ತು ಅದು ಕಾರುಗಳು ಹೋಗುವ ದಿಕ್ಕಿಗೆ ಎದುರಾಗಿ ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿ ಹಿಂದೆ ಸರಿಯುತ್ತ ಹೋಯಿತು.

ಇದನ್ನು ನಮ್ಮ ದಾರಿಗೆ ಹೊಂದಿಸಿ ನೋಡಿ. ಕಟ್ ಹೊಡೆದ ಜಾಗದಿಂದ ಒಂದು ಕಿ.ಮೀ. ಹಿಂದೆ ಇರುವವರನ್ನು ಆ ಅಲೆ ಮುಟ್ಟುವುದು 3 ನಿಮಿಷದ ನಂತರ. ಅಷ್ಟು ಹೊತ್ತಿಗೆ ಕಟ್ ಹೊಡೆದವ ಎರಡು ಕಿ.ಮೀ. ಮುಂದೆ ಹೋಗಿರುತ್ತಾನೆ, ಹಿಂದೆ ಏನಾಯಿತು ಎಂದು ಅವನಿಗೆ ತಿಳಿಯುವುದೂ ಇಲ್ಲ. ಅವನು ಗಳಿಸಿದ 2 ಸೆಕೆಂಡನ್ನು ಹಿಂದಿನ ಐವತ್ತು ಗಾಡಿಗಳು ತಲಾ ಅರ್ಧ ನಿಮಿಷ ಕೊಟ್ಟು ತೀರಿಸುತ್ತವೆ. ಹಿಂದಿನಿಂದ ಗುದ್ದುವ ಅಪಘಾತಗಳಿಗೂ ಇಂಥ ಅಲೆಯ ಬಾಲವೇ ತಕ್ಕ ಜಾಗ. ವೇಗವಾಗಿ ಬಂದವರಿಗೆ ಎದುರಿಗೆ ಒಮ್ಮೆಲೇ ನಿಂತ ಗಾಡಿ ಸಿಗುತ್ತದೆ.

ಅಲೆಯನ್ನು ಮುರಿಯಲು ಒಬ್ಬ ಚಾಲಕನೂ ಸಾಕು. ಅಮೆರಿಕದಲ್ಲಿ ಇದೇ ತರಹದ ದುಂಡನೆಯ ದಾರಿಯಲ್ಲಿ ನಡೆದ ಇನ್ನೊಂದು ಪ್ರಯೋಗದಲ್ಲಿ, ಇಪ್ಪತ್ತರಷ್ಟು ಕಾರುಗಳ ನಡುವೆ ಒಂದೇ ಒಂದು ಕಾರು ಅಂತರ ಬಿಟ್ಟು ಸಮವೇಗದಲ್ಲಿ ಸಾಗುವಂತೆ ಮಾಡಿದಾಗ ಅಲೆ ಅಡಗಿತು, ಇಂಧನ ಬಳಕೆ ಶೇ. 40ರವರೆಗೆ ಇಳಿಯಿತು. ನೀವು ಮಾಡಬೇಕಾದದ್ದು ಇಷ್ಟೇ: ದೂರದಲ್ಲಿ ಬ್ರೇಕ್ ದೀಪಗಳು ಕೆಂಪಾದದ್ದು ಕಂಡ ಕೂಡಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಗಾಡಿಯನ್ನು ಗೇರಿನಲ್ಲೇ ಉರುಳಲು ಬಿಡಿ. ಪೂರ್ತಿ ನಿಲ್ಲುವ ಬದಲು ನಿಧಾನವಾಗಿ ಉರುಳುತ್ತ ಹೋದರೆ ನೀವು ಅಲ್ಲಿಗೆ ಸೇರುವ ಹೊತ್ತಿಗೆ ಮುಂದಿನವರು ಹೊರಟಿರುತ್ತಾರೆ.

ಅಂತರ ಬಿಡಬೇಕು ಅಂತ ಎಲ್ಲರೂ ಹೇಳ್ತಾರ. ಬಿಟ್ಟ್ರ ಅಲ್ಲಿ ಒಂದು ಆಟೋ, ಎರಡು ಬೈಕ್ ಬಂದು ಸೇರ್ತಾವ. ಮತ್ತ ಬಿಡೋದು ಯಾಕ್ರಿ? ಗಾಡಿ ಹತ್ತಿರ ಹತ್ತಿರ ಇದ್ದಷ್ಟೂ ರಸ್ತೆದಾಗ ಜಾಸ್ತಿ ಗಾಡಿ ಹಿಡೀತಾವಲ್ಲ?
– ಹಾರ್ಡ್‌ವೇರ್ ವ್ಯಾಪಾರಿ, ದುರ್ಗದಬೈಲ್

ಎರಡನೆಯ ಪ್ರಶ್ನೆಯಿಂದ ಶುರು ಮಾಡುತ್ತೇವೆ, ಅದು ಬಹಳ ಒಳ್ಳೆಯ ಪ್ರಶ್ನೆ. ಕಾಗದದ ಮೇಲೆ ನಿಮ್ಮ ಮಾತು ಸರಿ. 2 ಸೆಕೆಂಡಿಗೆ ಒಂದು ಗಾಡಿ ಎಂದರೆ ಒಂದು ಲೇನ್‌ನಲ್ಲಿ ಗಂಟೆಗೆ 1,800 ಗಾಡಿ, 1 ಸೆಕೆಂಡಿಗೆ ಒಂದಾದರೆ 3,600. ಆದರೆ ಮನುಷ್ಯ ನೋಡಿ ಬ್ರೇಕ್ ಒತ್ತಲು ಒಂದೂವರೆ ಸೆಕೆಂಡ್ ತೆಗೆದುಕೊಳ್ಳುವಾಗ 1 ಸೆಕೆಂಡಿನ ಅಂತರ ನಿಲ್ಲುವುದೇ ಇಲ್ಲ. ಮೊದಲ ಬ್ರೇಕಿಗೇ ಮೇಲೆ ಹೇಳಿದ ಅಲೆ ಹುಟ್ಟಿ ಹರಿವು ಮುರಿಯುತ್ತದೆ. ಒಮ್ಮೆ ಮುರಿದ ಮೇಲೆ ಜಾಮ್‌ನಿಂದ ಹೊರಬೀಳುವ ಗಾಡಿಗಳ ಸಂಖ್ಯೆ ರಸ್ತೆಯ ಪೂರ್ಣ ಸಾಮರ್ಥ್ಯಕ್ಕಿಂತಲೂ ಕಡಿಮೆ ಇರುತ್ತದೆ. ಹೆದ್ದಾರಿಗಳ ಅಧ್ಯಯನಗಳಲ್ಲಿ ಈ ಕುಸಿತ ಸಾಮಾನ್ಯವಾಗಿ ಶೇ. 5ರಿಂದ 15ರವರೆಗೆ ಕಂಡುಬಂದಿದೆ. ಮುಂದಿನ ಗಾಡಿಗೂ ನಿಮಗೂ ನಡುವಿನ ಜಾಗ ಪೋಲಾದ ರಸ್ತೆಯಲ್ಲ. ರಸ್ತೆ ಹರಿಯುತ್ತಿರುವುದೇ ಆ ಜಾಗದ ಬಲದಿಂದ.

ಇನ್ನು ಬಂದು ಸೇರುವವರ ವಿಷಯ. ಒಬ್ಬರು ಸೇರಿದರೆ ನೀವು ಮತ್ತೆ ಅಂತರ ಮಾಡಿಕೊಳ್ಳಲು ಹಿಂದೆ ಬೀಳುವುದು 2 ಸೆಕೆಂಡ್. ದಾರಿಯುದ್ದಕ್ಕೂ ಹದಿನೈದು ಜನ ಸೇರಿದರೂ ಮನೆಗೆ ಅರ್ಧ ನಿಮಿಷ ತಡ. ಅಂತರ ಮುಚ್ಚಿಟ್ಟುಕೊಂಡರೆ ಆ ಅರ್ಧ ನಿಮಿಷ ಉಳಿಯಬಹುದು, ಬಂಪರ್ ಉಳಿಯುತ್ತದೆ ಎನ್ನಲಾಗುವುದಿಲ್ಲ. ಸೇರಿದವರ ಮೇಲೆ ಸಿಟ್ಟಾಗಿ ಬ್ರೇಕ್ ತುಳಿಯಬೇಡಿ, ಕಾಲು ಸಡಿಲಿಸಿ ಸಾಕು, ನಾಲ್ಕೈದು ಸೆಕೆಂಡಿನಲ್ಲಿ ಅಂತರ ತಾನೇ ಬೆಳೆಯುತ್ತದೆ.

ಅಳೆಯುವುದು ಹೀಗೆ. ಮುಂದಿನ ಗಾಡಿಯ ಹಿಂಭಾಗ ಒಂದು ವಿದ್ಯುತ್ ಕಂಬವನ್ನೋ ಮರದ ನೆರಳನ್ನೋ ದಾಟಿದ ಕ್ಷಣ ‘ಸಾವಿರದೊಂದು, ಸಾವಿರದೆರಡು’ ಎಂದು ಎಣಿಸಿ. ಎಣಿಕೆ ಮುಗಿಯುವ ಮೊದಲೇ ನಿಮ್ಮ ಗಾಡಿ ಆ ಗುರುತನ್ನು ಮುಟ್ಟಿದರೆ ನೀವು ತೀರಾ ಹತ್ತಿರ ಇದ್ದೀರಿ. ಊರೊಳಗೆ 2 ಸೆಕೆಂಡ್ ಸಾಕು, 25ರ ವೇಗದಲ್ಲಿ ಅದು 14 ಮೀಟರ್ ಆಗುತ್ತದೆ. ಹೆದ್ದಾರಿಯಲ್ಲಿ 3 ಸೆಕೆಂಡ್ ಇರಲಿ, 80ರ ವೇಗದಲ್ಲಿ ಅದು 67 ಮೀಟರ್. ಮಳೆಯಲ್ಲಿ, ಮಂಜಿನಲ್ಲಿ, ಲೋಡ್ ಇರುವಾಗ 4 ಅಥವಾ ಹೆಚ್ಚು. ಮೀಟರ್ ಅಂದಾಜು ಮಾಡಲು ಹೋಗಬೇಡಿ, ಕಣ್ಣು ಮೋಸ ಮಾಡುತ್ತದೆ. ಸೆಕೆಂಡ್ ಎಣಿಕೆ ಯಾವ ವೇಗಕ್ಕೂ ಹೊಂದುತ್ತದೆ.

ಹೊಸೂರು ಕಡೆ ಸಿಗ್ನಲ್ ಹಸಿರಾಗುವ ಮೊದಲೇ ಎಲ್ಲರೂ ಗೆರೆ ದಾಟಿ ಅರ್ಧ ಸರ್ಕಲ್‌ಗೆ ಬಂದಿರುತ್ತಾರೆ. ಹಿಂದಿನಿಂದ ಹಾರ್ನ್ ಹಾಕುತ್ತಾರೆ. ಗೆರೆಯ ಹಿಂದೆ ನಿಂತವರೇ ದಡ್ಡರು ಅನ್ನಿಸುತ್ತದೆ. ಇದರಿಂದ ಏನಾದರೂ ಬೇಗ ಆಗುತ್ತದೆಯೆ?
– ನಿವೃತ್ತ ಶಿಕ್ಷಕರು, ಹುಬ್ಬಳ್ಳಿ

ಆಗುವುದು ತಡವೇ. 30 ಸೆಕೆಂಡಿನ ಹಸಿರಿನಲ್ಲಿ ಹೊರಡುವಾಗ ಹೋಗುವ 2 ಸೆಕೆಂಡ್ ಬಿಟ್ಟರೆ ಒಂದು ಲೇನ್‌ನಿಂದ ಸುಮಾರು 14 ಕಾರು ದಾಟಬಹುದು. ಗೆರೆ ದಾಟಿ ಮುಂದೆ ಬಂದು ನಿಂತವರು ಅಡ್ಡ ರಸ್ತೆಯ ಕೊನೆಯ ಗಾಡಿಗಳಿಗೆ ದಾರಿ ಮುಚ್ಚುತ್ತಾರೆ. ಆ ಗಾಡಿಗಳು ನಡುವೆ ಸಿಕ್ಕಿಬಿದ್ದರೆ, ಇತ್ತ ಹಸಿರು ಬಿದ್ದರೂ 6 ಸೆಕೆಂಡ್ ಯಾರೂ ಕದಲುವಂತಿಲ್ಲ. 6 ಸೆಕೆಂಡ್ ಎಂದರೆ 3 ಕಾರು. 120 ಸೆಕೆಂಡಿನ ಸುತ್ತು ಗಂಟೆಗೆ 30 ಬಾರಿ ಬರುತ್ತದೆ, ಅಲ್ಲಿಗೆ ಒಂದು ಲೇನ್‌ನಲ್ಲಿ ಗಂಟೆಗೆ 90 ಕಾರು ದಾಟದೆ ಉಳಿಯುತ್ತವೆ. ಅವನ್ನು ಒಂದರ ಹಿಂದೆ ಒಂದು ನಿಲ್ಲಿಸಿದರೆ ಸಾಲು ಅರ್ಧ ಕಿ.ಮೀ. ದಾಟುತ್ತದೆ. ಸಂಜೆ ಆರಕ್ಕೆ ನಾವು ಬೈಯುತ್ತ ನಿಲ್ಲುವ ಸಾಲಿನ ಒಂದು ದೊಡ್ಡ ಪಾಲು ಹೀಗೆ ಹುಟ್ಟಿದ್ದು.

ನೇರ ಹೋಗುವವರು ಎಡಕ್ಕೆ ತಿರುಗುವವರ ಜಾಗದಲ್ಲಿ ನಿಲ್ಲುವುದೂ ಇದೇ ಸಾಲಿನ ತಪ್ಪು. ಕೆಂಪಿನಲ್ಲೂ ಹರಿಯಬಹುದಾಗಿದ್ದ ಎಡ ತಿರುವು ಆಗ ಪೂರ್ತಿ ಬಂದಾಗುತ್ತದೆ.

ಹಸಿರಿದ್ದರೂ ಸರ್ಕಲ್‌ನ ಆಚೆ ಬದಿಯಲ್ಲಿ ನಿಮ್ಮ ಗಾಡಿ ಹಿಡಿಯುವಷ್ಟು ಜಾಗ ಕಂಡ ಮೇಲೆಯೇ ಒಳಗೆ ಹೋಗಿ. ಹಸಿರು ಬಿದ್ದ ಕೂಡಲೇ ಹಾರಬೇಡಿ, ಬಲಕ್ಕೂ ಎಡಕ್ಕೂ ಒಮ್ಮೆ ನೋಡಿ ಹೊರಡಿ, ಏಕೆಂದರೆ ಕೆಂಪು ಬಿದ್ದರೂ ನುಗ್ಗಿ ಬರುವವರು ಆ ಮೊದಲ ಒಂದೆರಡು ಸೆಕೆಂಡಿನಲ್ಲೇ ಬರುವುದು. ಗೆರೆಯ ಹಿಂದೆ ನಿಂತ ನಿಮ್ಮಂಥವರಿಂದಲೇ ಅಜ್ಜಿಯೊಬ್ಬರು ಜೀಬ್ರಾ ದಾಟಿ ಆಚೆ ಹೋಗುತ್ತಾರೆ. ದಯವಿಟ್ಟು ಆ ಅಭ್ಯಾಸ ಬಿಡಬೇಡಿ.

ಚಿಗರಿ ಬಸ್ಸಿನ ಲೇನ್ ಖಾಲಿ ಇರುವಾಗ ನಾವು ಹೋದರೆ ತಪ್ಪೇನು?
– ವಿದ್ಯಾರ್ಥಿ, ಧಾರವಾಡ

ತಪ್ಪೇ. ಅದು ಹುಬ್ಬಳ್ಳಿ–ಧಾರವಾಡ ನಡುವೆ ಓಡುವ ಚಿಗರಿ ಬಸ್ಸುಗಳಿಗೇ ಮೀಸಲಾದ ಲೇನ್. ಅದನ್ನು ದಾಟುವ ಪ್ರಯಾಣಿಕರು ಬಸ್ಸು ಬರುತ್ತಿದೆಯೇ ಎಂದಷ್ಟೇ ನೋಡುತ್ತಾರೆ. ಅಷ್ಟು ದೊಡ್ಡದು ದೂರದಿಂದಲೇ ಕಾಣುತ್ತದೆ, ನಿಮ್ಮ ಬೈಕ್ ಕಾಣುವುದಿಲ್ಲ. ನಿಲ್ದಾಣದ ಬಳಿ ನಿಮಗೆ ಪಕ್ಕಕ್ಕೆ ಸರಿಯಲು ಜಾಗವಿರುವುದಿಲ್ಲ. ಮತ್ತೆ ಮಿಶ್ರ ಲೇನ್‌ಗೆ ಮರಳಬೇಕಾದರೆ ಕಟ್ ಹೊಡೆದೇ ಮರಳಬೇಕು, ಅದು ಸಂಚಾರ ಅತಿ ದಟ್ಟವಾಗಿರುವ ಸಿಗ್ನಲ್‌ನ ಬಾಯಲ್ಲೇ ಆಗುತ್ತದೆ. 2018ರಲ್ಲಿ ಪ್ರಾಯೋಗಿಕವಾಗಿ ಓಡಲು ಶುರುವಾದ ಈ ಬಸ್ಸುಗಳು ಎರಡು ಊರಿನ ನಡುವೆ ನೆಚ್ಚಿಕೊಳ್ಳುವಂಥ ಸಮಯ ಕೊಡುತ್ತಿರುವುದು ಆ ಲೇನ್ ಖಾಲಿ ಇರುವುದರಿಂದಲೇ.

ಲಕ್ಷ್ಮೇಶ್ವರ–ಗದಗ ದಾರಿಯಲ್ಲಿ ಟ್ರ್ಯಾಕ್ಟರ್, ಲಾರಿಗಳ ಹಿಂದೆ ಸಿಕ್ಕರೆ ಬಿಡುಗಡೆಯೇ ಇಲ್ಲ. ಎದುರಿನ ಗಾಡಿ ಎಷ್ಟು ದೂರ ಇದ್ದರೆ ಓವರ್‌ಟೇಕ್ ಮಾಡಬಹುದು?
– ರೈತರು, ಶಿರಹಟ್ಟಿ ತಾಲ್ಲೂಕು

ಎರಡು ಲೇನ್ ದಾರಿಯಲ್ಲಿ ಜೀವ ಹೋಗುವುದು ಬಹುಪಾಲು ಈ ಒಂದು ಅಂದಾಜು ತಪ್ಪಿದಾಗ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ಲಾರಿ 60ರಲ್ಲಿ ಹೋಗುತ್ತಿದೆ, ನೀವು 80ರಲ್ಲಿ ದಾಟುತ್ತೀರಿ. ಲಾರಿಯ ಹಿಂದೆ 20 ಮೀಟರ್ ಇರುವಾಗ ಹೊರಬಂದು, 12 ಮೀಟರ್ ಉದ್ದದ ಲಾರಿಯನ್ನು ದಾಟಿ, ಅದರ ಮುಂದೆ 20 ಮೀಟರ್ ಬಿಟ್ಟು ಒಳಗೆ ಸೇರಬೇಕು. ನಿಮ್ಮ ಕಾರಿನ 4 ಮೀಟರ್ ಸೇರಿಸಿದರೆ ಲಾರಿಗಿಂತ 56 ಮೀಟರ್ ಹೆಚ್ಚು ಸಾಗಬೇಕು. ವೇಗದ ವ್ಯತ್ಯಾಸ 20 ಕಿ.ಮೀ. ಮಾತ್ರ, ಅಂದರೆ ಸೆಕೆಂಡಿಗೆ ಐದೂವರೆ ಮೀಟರ್. ಹತ್ತು ಸೆಕೆಂಡ್ ಹಿಡಿಯುತ್ತದೆ. ಆ ಹತ್ತು ಸೆಕೆಂಡಿನಲ್ಲಿ ನೀವು ಎದುರು ಬದಿಯಲ್ಲಿ 222 ಮೀಟರ್ ಸಾಗುತ್ತೀರಿ. ಎದುರಿನಿಂದ 80ರಲ್ಲಿ ಬರುವ ಬಸ್ಸೂ 222 ಮೀಟರ್ ಹತ್ತಿರ ಬಂದಿರುತ್ತದೆ. ಎರಡೂ ಸೇರಿ 444 ಮೀಟರ್, ಇದರಲ್ಲಿ ಸುರಕ್ಷತೆಯ ಅಂಚು ಒಂದಿಷ್ಟೂ ಇಲ್ಲ. ರಸ್ತೆ ವಿನ್ಯಾಸಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಇಟ್ಟ ಅಳತೆಯೂ ಇದರ ಹತ್ತಿರವೇ ಇದೆ: 80ರ ವೇಗಕ್ಕೆ 470 ಮೀಟರ್, 100ರ ವೇಗಕ್ಕೆ 640 ಮೀಟರ್ ಮುಂದಿನ ದಾರಿ ತೆರವಾಗಿ ಕಾಣಬೇಕು. ಸುಮಾರು ಅರ್ಧ ಕಿ.ಮೀ. ಎಂದು ನೆನಪಿಟ್ಟುಕೊಳ್ಳಿ. ಅಷ್ಟು ದೂರದ ಗಾಡಿ ಕಣ್ಣಿಗೆ ಸಣ್ಣ ಚುಕ್ಕೆಯಂತೆ ಕಾಣುತ್ತದೆ. ಎದುರಿನ ಗಾಡಿ ಲಾರಿಯೋ ಬಸ್ಸೋ ಎಂದು ಚೆನ್ನಾಗಿ ಗುರುತು ಸಿಗುವಷ್ಟು ಹತ್ತಿರ ಬಂದಿದ್ದರೆ ಅದು ಹೋಗಲಿ ಎಂದು ಬಿಟ್ಟುಬಿಡಿ.

ಜನ ಸಾಮಾನ್ಯವಾಗಿ ಮಾಡುವ ತಪ್ಪು ಲಾರಿಯ ಬೆನ್ನಿಗೇ ಅಂಟಿಕೊಂಡು ಇಣುಕುವುದು. ಹತ್ತಿರ ಹೋದಷ್ಟೂ ಮುಂದಿನ ದಾರಿ ಕಾಣುವುದಿಲ್ಲ, ಮತ್ತು ಗಾಡಿಗೆ ವೇಗ ಕೂಡಿಸಿಕೊಳ್ಳಲು ಜಾಗವೂ ಇರುವುದಿಲ್ಲ. 3 ಸೆಕೆಂಡ್ ಹಿಂದೆ ನಿಲ್ಲಿ. ದಾರಿ ತೆರವಾದಾಗ ಗೇರ್ ಒಂದು ಇಳಿಸಿ, ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಒಮ್ಮೆ ಹಾರ್ನ್ ಕೊಟ್ಟು ಹೊರಡಿ. ಲಾರಿಯ ಮುಖ ಪೂರ್ತಿ ನಿಮ್ಮ ಒಳಗನ್ನಡಿಯಲ್ಲಿ ಕಂಡ ಮೇಲೆ ಒಳಗೆ ಸೇರಿ. ಮುಂದಿನ ಕಾರು ಓವರ್‌ಟೇಕ್ ಮಾಡಿತೆಂದು ಅದರ ಬಾಲ ಹಿಡಿದು ಹೋಗಬೇಡಿ, ಅದಕ್ಕೆ ಸಿಕ್ಕ ಜಾಗ ನಿಮಗೆ ಸಿಗಬೇಕೆಂದಿಲ್ಲ. ತಿರುವು, ದಿಣ್ಣೆ, ಕಿರುಸೇತುವೆ, ಅಡ್ಡರಸ್ತೆ, ಮುರಿಯದ ಹಳದಿ ಅಥವಾ ಬಿಳಿ ಗೆರೆ ಇರುವಲ್ಲಿ ಓವರ್‌ಟೇಕ್ ಬೇಡವೇ ಬೇಡ.

ಟ್ರ್ಯಾಕ್ಟರಿಗೆ ಇನ್ನೊಂದು ಎಚ್ಚರ ಬೇಕು. ಅದು ಯಾವ ಹೊತ್ತಿಗೂ ಇಂಡಿಕೇಟರ್ ಇಲ್ಲದೆ ಬಲಕ್ಕೆ ಹೊಲದ ದಾರಿಗೆ ತಿರುಗಬಹುದು. ಅದು ನಿಧಾನವಾಗುತ್ತಿದೆ ಅನ್ನಿಸಿದರೆ, ಅಥವಾ ಬಲಗಡೆ ಬಂಡಿದಾರಿ ಕಂಡರೆ ಹಿಂದೆಯೇ ಉಳಿಯಿರಿ. ಟ್ರ್ಯಾಕ್ಟರ್ ಓಡಿಸುವ ಅಣ್ಣಂದಿರಿಗೂ ಒಂದು ಮಾತು. ಗೋವಿನಜೋಳದ ಚೀಲ, ಹತ್ತಿ ಅಂಡಿಗೆ ಹೇರಿದಾಗ ಟ್ರೇಲರ್‌ನ ಹಿಂದಿನ ದೀಪ ಮುಚ್ಚಿಹೋಗುತ್ತದೆ. ಟ್ರೇಲರ್‌ನ ಹಿಂಭಾಗದ ಎರಡೂ ಮೂಲೆಗೆ ಕೆಂಪು ಪ್ರತಿಫಲನ ಪಟ್ಟಿ, ಎರಡು ಬದಿಗೆ ಹಳದಿ ಪಟ್ಟಿ ಅಂಟಿಸಿ. ಹಿಂದೆ ಐದಾರು ಗಾಡಿ ಕೂಡಿದ್ದು ಕಂಡರೆ ಗಟ್ಟಿ ಅಂಚು ಇರುವಲ್ಲಿ ಒಂದು ನಿಮಿಷ ಎಡಕ್ಕೆ ನಿಲ್ಲಿಸಿ ಬಿಟ್ಟುಕೊಡಿ. ತಾಳ್ಮೆ ತಪ್ಪಿದವರ ಓವರ್‌ಟೇಕ್ ಅದರಿಂದ ಎಷ್ಟೋ ತಪ್ಪುತ್ತದೆ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಹೇರಿಕೊಂಡು ರಾತ್ರಿ ಹೊರಡುವ ಗಾಡಿಗಳಿಗೂ ಇದೇ ಮಾತು.

ಮಳಿಯೊಳಗ ಬ್ರೇಕ್ ಹಾಕಿದ್ರ ಬೈಕ್ ಜಾರ್ತದ್ರಿ. ಮುಂದಿನ ಬ್ರೇಕ್ ಹಿಡೀಬ್ಯಾಡ ಅಂತ ನಮ್ಮ ಕಾಕಾ ಹೇಳ್ತಾರ. ಖರೇ ಏನ್ರಿ?
– ಡೆಲಿವರಿ ಕೆಲಸದವರು, ಗೋಕುಲ ರಸ್ತೆ

ನಿಮ್ಮ ಕಾಕಾ ಹೇಳಿದ್ದರಲ್ಲಿ ಅರ್ಧ ಮಾತ್ರ ಸರಿ. ಮುಂದಿನ ಬ್ರೇಕನ್ನು ಥಟ್ಟನೆ ಹಿಂಡಬಾರದು, ಆದರೆ ಹಿಡಿಯಲೇಬೇಕು. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಬೀಳುತ್ತದೆ, ನಿಲ್ಲಿಸುವ ಶಕ್ತಿಯಲ್ಲಿ ಸುಮಾರು ಶೇ. 70 ಅಲ್ಲಿಂದಲೇ ಬರುತ್ತದೆ. ಹಿಂದಿನದೊಂದನ್ನೇ ತುಳಿದರೆ ಹಿಂದಿನ ಚಕ್ರ ಲಾಕ್ ಆಗಿ ಬೈಕ್ ಅಡ್ಡ ತಿರುಗುತ್ತದೆ. ಎರಡನ್ನೂ ಒಟ್ಟಿಗೆ ಹಿಡಿಯಿರಿ. ಮುಂದಿನದನ್ನು ಮೊದಲು ಹಗುರವಾಗಿ ಒತ್ತಿ, ಟೈರು ನೆಲ ಕಚ್ಚಿದ ಮೇಲೆ ಬಲ ಹೆಚ್ಚಿಸಿ. ಬೈಕ್ ನೆಟ್ಟಗಿರಲಿ, ಹ್ಯಾಂಡಲ್ ತಿರುಗಿರುವಾಗ ಬ್ರೇಕ್ ಬೇಡ. ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದರೆ ಲಿವರ್ ಕಂಪಿಸಿದರೂ ಹಿಡಿತ ಬಿಡಬೇಡಿ.

ಮಳೆ ಶುರುವಾದ ಮೊದಲ ಹತ್ತು ಹದಿನೈದು ನಿಮಿಷ ರಸ್ತೆ ಅತಿ ಕೆಟ್ಟದಾಗಿರುತ್ತದೆ. ಎಣ್ಣೆ, ಧೂಳು, ರಬ್ಬರ್ ಪುಡಿ ನೀರಿನೊಂದಿಗೆ ಕಲೆತು ಮೇಲೆ ನಿಲ್ಲುತ್ತವೆ. ಜೀಬ್ರಾ ಬಣ್ಣ, ಮ್ಯಾನ್‌ಹೋಲ್ ಮುಚ್ಚಳ, ರೈಲು ಹಳಿಗಳ ಮೇಲೆ ಬ್ರೇಕ್ ಹಾಕಬಾರದು, ಅವುಗಳನ್ನು ತಲುಪುವ ಮೊದಲೇ ವೇಗ ಇಳಿಸಿ. ಒದ್ದೆ ರಸ್ತೆಯಲ್ಲಿ ಬ್ರೇಕ್ ಬಿದ್ದ ಮೇಲೆ ಸಾಗುವ ದೂರ ಒಣ ರಸ್ತೆಗಿಂತ ಒಂದೂವರೆ ಪಟ್ಟಿಗೂ ಹೆಚ್ಚಾಗಬಹುದು.

ಡೆಲಿವರಿಯ ಅವಸರದಲ್ಲಿ ಬಸ್ಸಿನ ಎಡಬದಿಯ ಸಂದಿಯಲ್ಲಿ ಮಾತ್ರ ನುಗ್ಗಬೇಡಿ, ತಮ್ಮಾ. ಬಸ್ಸು ಎಡಕ್ಕೆ ತಿರುಗುವಾಗ ಅದರ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತದೆ. ನೀವು ನಿಂತ ಜಾಗಕ್ಕೇ ಬರುತ್ತದೆ. ಬಸ್ಸಿನ ಕನ್ನಡಿಯಲ್ಲಿ ಚಾಲಕರ ಮುಖ ನಿಮಗೆ ಕಾಣದಿದ್ದರೆ ಅವರಿಗೆ ನೀವೂ ಕಾಣುತ್ತಿಲ್ಲ.

ಹಿಂದಿನಿಂದ ಒಬ್ಬರು ಲೈಟ್ ಹೊಡೆಯುತ್ತ, ಹಾರ್ನ್ ಹಾಕುತ್ತ ಬೆನ್ನು ಹತ್ತಿದರೆ ಏನು ಮಾಡಬೇಕು? ಒಬ್ಬಳೇ ಇರುವಾಗ ಬಹಳ ಹೆದರಿಕೆಯಾಗುತ್ತದೆ.
– ಗೃಹಿಣಿ, ರಾಣೆಬೆನ್ನೂರು

ಮೊದಲು ದಾರಿ ಕೊಡಿ. ಎಡಕ್ಕೆ ಇಂಡಿಕೇಟರ್ ಹಾಕಿ ನಿಧಾನವಾಗಿ ಸರಿದು ಹೋಗಲು ಬಿಡಿ. ಅವರಿಗೆ ಬುದ್ಧಿ ಕಲಿಸಲೆಂದು ಬ್ರೇಕ್ ತುಳಿಯುವುದು, ವೇಗ ಹೆಚ್ಚಿಸಿ ಪೈಪೋಟಿಗೆ ಇಳಿಯುವುದು ಎರಡೂ ಬೇಡ. ಮುಖ ನೋಡಬೇಡಿ, ಕೈಸನ್ನೆ ಬೇಡ. ದಾರಿ ಕೊಟ್ಟ ಮೇಲೂ ಬೆನ್ನು ಬಿಡದಿದ್ದರೆ ಗಾಜು ಏರಿಸಿ, ಬಾಗಿಲು ಲಾಕ್ ಮಾಡಿ. ಮನೆಗೆ ಹೋಗಬೇಡಿ, ಮನೆ ಎಲ್ಲಿದೆಯೆಂದು ಅವರಿಗೆ ಗೊತ್ತಾಗುವುದು ಬೇಡ. ಬೆಳಕು, ಜನ ಇರುವ ಪೆಟ್ರೋಲ್ ಬಂಕ್, ಟೋಲ್ ಅಥವಾ ಪೊಲೀಸ್ ಠಾಣೆ ಕಡೆ ಹೋಗಿ. ಜೊತೆಯಲ್ಲಿ ಯಾರಾದರೂ ಇದ್ದರೆ ಅವರು 112ಕ್ಕೆ ಕರೆ ಮಾಡಲಿ, ಒಬ್ಬರೇ ಇದ್ದರೆ ಸುರಕ್ಷಿತ ಜಾಗದಲ್ಲಿ ನಿಂತ ಮೇಲೆ ಮಾಡಿ. ಗಾಡಿಯ ನಂಬರ್, ಬಣ್ಣ, ಜಾಗ, ಹೊತ್ತು ಇಷ್ಟು ಹೇಳಿದರೆ ದೂರಿಗೆ ಸಾಕು.

ಇಂಥ ಚಾಲನೆಗೆ ಕಾನೂನಿನಲ್ಲಿ ಏನು ಶಿಕ್ಷೆ?
– ಓದುಗರು, ಗದಗ

ಮೋಟಾರು ವಾಹನ ಕಾಯ್ದೆಯ 184ನೇ ಕಲಂ 2019ರ ತಿದ್ದುಪಡಿಯ ನಂತರ ಬಿಗಿಯಾಗಿದೆ. ಅಪಾಯಕಾರಿ ಚಾಲನೆಗೆ ಮೊದಲ ಸಲ 6 ತಿಂಗಳಿಂದ 1 ವರ್ಷ ಜೈಲು, ಅಥವಾ ₹1,000ದಿಂದ ₹5,000 ದಂಡ, ಅಥವಾ ಎರಡೂ. 3 ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಜೈಲು ಅಥವಾ ₹10,000 ದಂಡ, ಅಥವಾ ಎರಡೂ. ಕೆಂಪು ದೀಪ ಹಾರುವುದು, ಕೈಯಲ್ಲಿ ಮೊಬೈಲ್ ಹಿಡಿದು ಓಡಿಸುವುದು, ನಿಯಮ ಮೀರಿದ ಓವರ್‌ಟೇಕ್, ರಾಂಗ್ ಸೈಡ್ ಬರುವುದು ಎಲ್ಲವನ್ನೂ ಈ ಕಲಮಿನ ವಿವರಣೆಯಲ್ಲೇ ಹೆಸರಿಸಲಾಗಿದೆ. ಪೊಲೀಸರು ಲೈಸೆನ್ಸ್ ವಶಪಡಿಸಿಕೊಂಡು ಆರ್‌ಟಿಒಗೆ ಕಳಿಸಿದರೆ, ನಿಮ್ಮ ಮಾತು ಕೇಳಿದ ಮೇಲೆ ಅವರು ಮೊದಲ ತಪ್ಪಿಗೆ 3 ತಿಂಗಳು ಅನರ್ಹಗೊಳಿಸಬಹುದು. ಅಂಬುಲೆನ್ಸ್‌ಗೆ ದಾರಿ ಕೊಡದಿದ್ದರೆ 6 ತಿಂಗಳವರೆಗೆ ಜೈಲು ಅಥವಾ ₹10,000 ದಂಡ, ಅಥವಾ ಎರಡೂ.

ಒರಟಾಗಿ ಓಡಿಸಿದರೆ ಮೈಲೇಜ್ ನಿಜಕ್ಕೂ ಬೀಳುತ್ತದೆಯೆ?
– ಖಾಸಗಿ ಕಂಪನಿ ನೌಕರರು, ಹಾವೇರಿ

ಬಹಳ ಬೀಳುತ್ತದೆ. ಅಮೆರಿಕದ ಇಂಧನ ಇಲಾಖೆಯ ಲೆಕ್ಕದಲ್ಲಿ ಹೆದ್ದಾರಿ ವೇಗದಲ್ಲಿ ಶೇ. 15ರಿಂದ 30, ನಿಂತು ಹೊರಡುವ ಸಂಚಾರದಲ್ಲಿ ಶೇ. 10ರಿಂದ 40ರವರೆಗೆ. ನಡುವಿನ ಶೇ. 20 ಹಿಡಿಯೋಣ. ಲೀಟರಿಗೆ 15 ಕಿ.ಮೀ. ಕೊಡುವ ಕಾರು 12ಕ್ಕೆ ಇಳಿಯಿತು. ದಿನಕ್ಕೆ 40 ಕಿ.ಮೀ., ತಿಂಗಳಿಗೆ 25 ದಿನ ಓಡಿಸಿದರೆ ಹೆಚ್ಚಾಗಿ ಸುಟ್ಟದ್ದು ಸುಮಾರು 17 ಲೀಟರ್. ಪ್ರತಿ ಬಾರಿ ಬ್ರೇಕ್ ತುಳಿದಾಗ, ಪೆಟ್ರೋಲ್ ಸುಟ್ಟು ಗಳಿಸಿದ ವೇಗವೆಲ್ಲ ಬ್ರೇಕ್ ಪ್ಯಾಡಿನಲ್ಲಿ ಬಿಸಿಯಾಗಿ ಹೋಗುತ್ತದೆ. ಪ್ಯಾಡ್, ಕ್ಲಚ್ ಪ್ಲೇಟ್, ಟೈರು ಮೂರೂ ಬೇಗ ಸವೆಯುತ್ತವೆ. ಕಾರಿನ ಟೈರಿನ ಗೀರು 1.6 ಮಿ.ಮೀ.ಗಿಂತ ಕಡಿಮೆಯಾದರೆ ಬದಲಿಸಲೇಬೇಕು.

ಮಗನಿಗೆ ಹದಿನೇಳು. ಬೈಕ್ ಕೀ ಕೊಡದಿದ್ದರೆ ಊಟ ಬಿಡ್ತಾನ್ರಿ. ಕೊಟ್ರ ವ್ಹೀಲಿಂಗ್ ಮಾಡ್ತಾನಂತ ಬಾಜು ಮನಿಯವ್ರು ಹೇಳ್ತಾರ. ಏನ್ ಮಾಡೂಣ್ರಿ?
– ತಾಯಿ, ಬೆಟಗೇರಿ

ಕೀ ಕೊಡಬೇಡ್ರಿ, ಅವ್ವಾ. ಕಾಯ್ದೆಯ 199ಎ ಕಲಂ ಪ್ರಕಾರ ಅಪ್ರಾಪ್ತರು ತಪ್ಪು ಮಾಡಿದರೆ ತಪ್ಪಿತಸ್ಥರು ಪಾಲಕರು ಅಥವಾ ಗಾಡಿಯ ಮಾಲೀಕರು. 3 ವರ್ಷದವರೆಗೆ ಜೈಲು, ₹25,000 ದಂಡ, 12 ತಿಂಗಳು ಗಾಡಿಯ ನೋಂದಣಿ ರದ್ದು. ಮಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಈ ಕೊನೆಯದನ್ನು ಅವನಿಗೇ ಓದಿ ಹೇಳಿ, ಅವನ ವಯಸ್ಸಿಗೆ ಅದು ದಂಡಕ್ಕಿಂತ ಚೆನ್ನಾಗಿ ತಾಗುತ್ತದೆ. ವ್ಹೀಲಿಂಗ್ ಮಾಡುವಾಗ ಮುಂದಿನ ಚಕ್ರ ನೆಲದಲ್ಲಿ ಇಲ್ಲದ್ದರಿಂದ ಹ್ಯಾಂಡಲ್ ತಿರುಗಿಸಿ ಪ್ರಯೋಜನವಿಲ್ಲ, ಮುಂದಿನ ಬ್ರೇಕೂ ಕೆಲಸಕ್ಕೆ ಬಾರದು. ಎದುರಿಗೆ ಯಾರಾದರೂ ಬಂದರೆ ತಪ್ಪಿಸಲು ದಾರಿಯೇ ಇರುವುದಿಲ್ಲ ಎಂಬುದನ್ನೂ ಹೇಳಿ.

ಹದಿನಾರು ತುಂಬಿದವರಿಗೆ ಕಾನೂನು ಬಿಟ್ಟಿರುವುದು 50 ಸಿಸಿವರೆಗಿನ ಗಾಡಿ ಮಾತ್ರ, ಅದಕ್ಕೂ ಲೈಸೆನ್ಸ್ ಬೇಕು. ಹದಿನೆಂಟು ತುಂಬಿದ ಕೂಡಲೇ ಆರ್‌ಟಿಒದಲ್ಲಿ ಎಲ್‌ಎಲ್ಆರ್ ಮಾಡಿಸಿ. ಕಲಿಯಲು ಮೊದಲ ದಿನಗಳಲ್ಲಿ ಖಾಲಿ ಮೈದಾನಕ್ಕೆ ಕರೆದೊಯ್ದು, 20, 30, 40ರ ವೇಗದಲ್ಲಿ ಎರಡೂ ಬ್ರೇಕ್ ಹಿಡಿದು ಎಲ್ಲಿ ನಿಲ್ಲುತ್ತದೆ ಎಂದು ಸುಣ್ಣದಿಂದ ಗೆರೆ ಹಾಕಿಸಿ. ಆ ಗೆರೆಗಳ ನಡುವಿನ ದೂರವನ್ನು ಅವನೇ ಹೆಜ್ಜೆ ಹಾಕಿ ಅಳೆಯಲಿ. ಅಲ್ಲಿಯವರೆಗೆ ಕಾಲೇಜಿಗೆ ಬಸ್ ಪಾಸ್ ಮಾಡಿಸಿಕೊಡಿ.